ಮಾಲೂರಿನ ಗೋಡೌನ್‌ಗಳಲ್ಲಿ ನಮ್ಮ ಹೆಣ್ಣುಮಕ್ಕಳು

ಲಾಜಿಸ್ಟಿಕ್ಸ್, ಅಂದರೆ ಸರಕನ್ನು ಕೂಡಿಟ್ಟು, ವಿಂಗಡಿಸಿ, ಸಾಗಿಸುವ ಕೆಲಸ. ಅಲ್ಲಿರುವುದು ಲಾರಿ, ಮೂಟೆ, ಹಮಾಲರು, ಹೆಂಗಸರಿಗೇನು ಕೆಲಸ ಅಂತ ಕೇಳುವವರಿದ್ದಾರೆ. ಅಂಥವರು ಒಂದು ದಿನ ಬೆಳಿಗ್ಗೆ ಆರಕ್ಕೆ ಕೋಲಾರ ಜಿಲ್ಲೆಯ ನಮ್ಮ ಮಾಲೂರಿನ ಕಡೆ ಬನ್ನಿ. ಅರಳಿಕಟ್ಟೆ ಹತ್ತಿರ ಐಡಿ ಕಾರ್ಡ್ ನೇತುಹಾಕಿಕೊಂಡು, ಊಟದ ಡಬ್ಬಿ ಹಿಡಿದು ಕಂಪನಿ ಬಸ್ಸಿಗೆ ಕಾಯುವವರಲ್ಲಿ ಹುಡುಗಿಯರೇ ಜಾಸ್ತಿ. ಕೆಲವರು ಫ್ಯಾಕ್ಟರಿಗೆ, ಕೆಲವರು ಗೋಡೌನಿಗೆ.

ಹಾಗೆ ನೋಡಿದರೆ ಈ ಕೆಲಸ ಕೋಲಾರ ಜಿಲ್ಲೆಯ ಹೆಂಗಸರಿಗೆ ಹೊಸದಲ್ಲ. ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿ ನೋಡಿದ್ದೀರಾ? 15 ಕೆಜಿ ಬಾಕ್ಸುಗಳನ್ನು ಸುರಿದು, ಸುತ್ತ ಕೂತು ದಪ್ಪ, ಸಣ್ಣ, ದೋರೆ, ಹಣ್ಣು, ಒಡೆದದ್ದು ಅಂತ ಆರಿಸುವವರು ಹೆಂಗಸರು. ದೂರದ ಊರಿಗೆ ಹೋಗುವ ಲಾರಿಗೆ ದೋರೆ, ಹತ್ತಿರದ ಪೇಟೆಗೆ ಹಣ್ಣು. ದಾರಿಯಲ್ಲಿ ಯಾವುದು ಎಷ್ಟು ದಿನ ತಾಳುತ್ತದೆ ಅಂತ ಮುಟ್ಟಿದರೆ ಗೊತ್ತಾಗುತ್ತದೆ ಅವರಿಗೆ. ಅದನ್ನು ಯಾರೂ ಲಾಜಿಸ್ಟಿಕ್ಸ್ ಅನ್ನಲಿಲ್ಲ, ಕೂಲಿ ಅಂದರು. ಲಾರಿಗೆ ಏರಿಸುವುದು ಮಾತ್ರ ಗಂಡಸರು.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಅದಕ್ಕೆ ಮೊದಲು ತೆರಿಗೆ ಉಳಿಸಲು ಕಂಪನಿಗಳು ರಾಜ್ಯಕ್ಕೊಂದು ಚಿಕ್ಕ ಗೋಡೌನ್ ಇಟ್ಟುಕೊಳ್ಳುತ್ತಿದ್ದವು. ಆ ಮೇಲೆ ಎರಡು ಮೂರು ರಾಜ್ಯಕ್ಕೆ ಒಂದೇ ದೊಡ್ಡದು ಸಾಕಾಯಿತು. ಬೆಂಗಳೂರು, ಹೊಸೂರು ಎರಡೂ ಹತ್ತಿರ ಇರುವ ನಮ್ಮ ಜಾಗ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಈಗ ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇರೆ.

ನಮ್ಮ ನಾದಿನಿ ಅಂಥದ್ದೊಂದು ಗೋಡೌನಿನಲ್ಲಿ ಪ್ಯಾಕಿಂಗ್‌ಗೆ ಇದ್ದಾಳೆ. ಕಂಟ್ರಾಕ್ಟ್ ಕೆಲಸ. ಮನೆಯಲ್ಲಿ ತೆಲುಗು, ಓದಿದ್ದು ಕನ್ನಡ, ಪಕ್ಕದ ಟೇಬಲ್ಲಿನವಳ ಜೊತೆ ತಮಿಳು. ಸ್ಕ್ಯಾನರಿಗೆ ಇದ್ಯಾವುದೂ ಬೇಡ, ಅದು ಬೀಪ್ ಅಂದರೆ ಸರಿ. ದಸರಾ, ದೀಪಾವಳಿಯ ಸೀಸನ್ನಿನಲ್ಲಿ ಟಾರ್ಗೆಟ್ ಏರುತ್ತದೆ, ಸಂಜೆಗೆ ಕಾಲು ಊದಿಕೊಂಡಿರುತ್ತದೆ. ಆದರೂ ಬಿಡು ಅಂದರೆ ಬಿಡುವುದಿಲ್ಲ. ಸಂಬಳ ಅವಳ ಖಾತೆಗೇ ಬರುತ್ತದೆ, ಅಲ್ವಾ! ಅಲ್ಲಿಯೂ ಪಿಕ್ಕಿಂಗ್ (ಆರ್ಡರಿನ ಸಾಮಾನು ಆರಿಸಿ ತೆಗೆಯುವುದು), ಪ್ಯಾಕಿಂಗ್ ಹೆಂಗಸರದ್ದು, ಭಾರ ಎತ್ತಿಡುವ ಗಾಡಿ ಫೋರ್ಕ್‌ಲಿಫ್ಟ್ ಗಂಡಸರದ್ದು. ಸೀಟಿನಲ್ಲಿ ಕೂತು ಲಿವರ್ ಎಳೆಯುವುದಕ್ಕೆ ತೋಳಿನ ಬಲ ಯಾಕೆ ಬೇಕೋ ನನಗಂತೂ ತಿಳಿಯದು. ಮಂಡಿಯ ಅಭ್ಯಾಸವೇ ಇಲ್ಲಿಗೂ ಬಂದು ಕೂತಿದೆ.

ಇನ್ನು ರಾತ್ರಿ ಪಾಳಿ. ಹೆಂಗಸರಿಗೆ ಅದಕ್ಕೂ ಕಾನೂನಿನ ಬಾಗಿಲು ಈಗ ತೆರೆದಿದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ 2020ರಲ್ಲಿ, ಫ್ಯಾಕ್ಟರಿ ಕಾಯ್ದೆಗೆ 2023ರಲ್ಲಿ ಕರ್ನಾಟಕ ತಿದ್ದುಪಡಿ ತಂದಿತು. ಹೆಂಗಸರು ಒಪ್ಪಿ ಬರೆದುಕೊಡಬೇಕು, ಕಂಪನಿ ವಾಹನ ಕೊಡಬೇಕು. ವಾಹನ ಕೊಡುತ್ತಾರೆ ಸರಿ, ಆದರೆ ಅದು ನಿಲ್ಲುವುದು ಮುಖ್ಯ ರಸ್ತೆಯಲ್ಲಿ. ಅಲ್ಲಿಂದ ನಮ್ಮೂರಿಗೆ ಎರಡು ಕಿಲೋಮೀಟರ್, ನೀಲಗಿರಿ ತೋಪಿನ ನಡುವೆ. ಒಂದು ಸಲ ಬೆಳಗಿನ ಜಾವ ನಾದಿನಿಯನ್ನು ತಿರುವಿನಲ್ಲೇ ಇಳಿಸಿ ಹೋದರು. ಅಂದಿನಿಂದ ನಮ್ಮತ್ತೆ ರಾತ್ರಿ ಪಾಳಿ ಬೇಡವೇ ಬೇಡ ಅಂದುಬಿಟ್ಟರು. ಹೆಚ್ಚಿನ ದುಡ್ಡೂ ಹೋಯಿತು.

ಕಂಪನಿ ಬಸ್ ತಪ್ಪಿದ ದಿನ ಸರ್ಕಾರಿ ಬಸ್ಸೇ ಗತಿ. 2023ರ ಜೂನ್‌ನಿಂದ ಕರ್ನಾಟಕದ ಹೆಂಗಸರಿಗೆ ಶಕ್ತಿ ಯೋಜನೆ ಇದೆಯಲ್ಲ, ನಾದಿನಿಗೆ ಉಚಿತ. ಅವಳ ಪಕ್ಕದ ಟೇಬಲ್ಲಿನವಳು ಗಡಿಯಾಚೆಯವಳು, ಆಧಾರ್‌ನಲ್ಲಿ ತಮಿಳುನಾಡಿನ ವಿಳಾಸ. ಒಂದೇ ಗೋಡೌನು, ಒಂದೇ ಪಾಳಿ, ಒಂದೇ ಸೀಟು. ಕಂಡಕ್ಟರ್ ಇವಳಿಗೆ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ, ಅವಳು ಪರ್ಸ್ ತೆಗೆಯುತ್ತಾಳೆ.