ಸೈಕಲ್ಲಿಗೆ ಅಲ್ಯೂಮಿನಿಯಂ ಕ್ಯಾರಿಯರ್, ಹಿಂದೊಂದು ಪುಟ್ಟ ಗಾಡಿ

ಪ್ರಶ್ನೆ: ನಮ್ಮ ಊರಿನಿಂದ ಮಂಡ್ಯದ ಮಾರುಕಟ್ಟೆಗೆ ಸೈಕಲ್ಲಿನಲ್ಲಿ ಸೊಪ್ಪು, ತರಕಾರಿ ಒಯ್ಯುತ್ತೇನೆ. ಕಿಟಕಿ ಮಾಡುವ ಸ್ನೇಹಿತರ ಅಂಗಡಿಯಲ್ಲಿ ಉಳಿದ ಅಲ್ಯೂಮಿನಿಯಂ ಚೌಕ ಪೈಪುಗಳು ಸಿಕ್ಕಿವೆ. ಅವುಗಳಿಂದ 20 ಕಿಲೋ ಹೊರುವ ಕ್ಯಾರಿಯರನ್ನೂ 40 ಕಿಲೋ ಎಳೆಯುವ ಸಣ್ಣ ಗಾಡಿಗೆ ಕೊಂಡಿಯನ್ನೂ ಮಾಡಬಹುದೇ? ಊರಿನ ವೆಲ್ಡಿಂಗ್ ಅಂಗಡಿಯವರು ಅಲ್ಯೂಮಿನಿಯಂ ಬೆಸೆಯಲು ಬರುವುದಿಲ್ಲ ಎನ್ನುತ್ತಾರೆ.
– ಓದುಗರೊಬ್ಬರು, ಮಂಡ್ಯ ತಾಲ್ಲೂಕು

ಉತ್ತರ: ಕ್ಯಾರಿಯರನ್ನು ಧಾರಾಳವಾಗಿ ಮಾಡಿ. ಕೊಂಡಿಗೆ ಮಾತ್ರ ಉಕ್ಕನ್ನೇ ಬಳಸಿ.

ವೆಲ್ಡಿಂಗ್ ಅಂಗಡಿಯವರು ಹೇಳಿದ್ದು ಅವರ ಯಂತ್ರದ ಮಟ್ಟಿಗೆ ನಿಜ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಮೇಲೆ ತಾನಾಗಿ ಕಟ್ಟಿಕೊಳ್ಳುವ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆದ್ದರಿಂದ ಆರ್ಗಾನ್ ವೆಲ್ಡಿಂಗ್ ಎಂದು ಕರೆಯುವ ಟಿಗ್ ಯಂತ್ರವೂ ಪಳಗಿದ ಕೈಯೂ ಬೇಕಾಗುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಂಥ ಕಡೆ ವಿಚಾರಿಸಿ ಬೆಸೆಸಿದರೂ, ಶಾಖದಿಂದ ಹದಗೊಳಿಸಿದ ಮಿಶ್ರಲೋಹವು ಬೆಸುಗೆಯ ಅಕ್ಕಪಕ್ಕದಲ್ಲಿ ತನ್ನ ಬಲವನ್ನು ಹೆಚ್ಚುಕಡಿಮೆ ಅರ್ಧದಷ್ಟು ಕಳೆದುಕೊಳ್ಳಬಹುದು. ನಿಮ್ಮ ಕೆಲಸಕ್ಕೆ ಬೋಲ್ಟು ಹಾಕಿ ಜೋಡಿಸುವುದೇ ಲೇಸು.

ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗದಷ್ಟು ಮಾತ್ರ ತೂಗುತ್ತದೆ; ಆದರೆ ಒಂದೇ ಅಳತೆಯ ಪೈಪಿನಲ್ಲಿ, ಒಂದೇ ಹೊರೆಗೆ ಉಕ್ಕಿಗಿಂತ ಸುಮಾರು ಮೂರು ಪಟ್ಟು ಬಾಗುತ್ತದೆ. ಇದಕ್ಕೆ ಪರಿಹಾರ ಪೈಪಿನ ಅಗಲದಲ್ಲಿದೆ: ಗೋಡೆಯ ದಪ್ಪ ಅಷ್ಟೇ ಇದ್ದು ಅಗಲ ಇಮ್ಮಡಿಯಾದರೆ, ತೂಕ ಎರಡರಷ್ಟಾದರೂ ಬಾಗದೆ ನಿಲ್ಲುವ ಗುಣ ಸುಮಾರು ಎಂಟು ಪಟ್ಟಾಗುತ್ತದೆ. ಎರಡೂ ಬದಿಯ ಕಾಲುಗಳನ್ನು ಹಿಂಚಕ್ರದ ಅಚ್ಚಿಗೆ ಆದಷ್ಟು ನೇರವಾಗಿ ಇಳಿಸಿ, ಮುಂದಿನ ತುದಿಯನ್ನು ಸೀಟಿನ ಕೆಳಗಿನ ಬೋಲ್ಟಿಗೆ ಕಟ್ಟಿ, ಹಿಂಬದಿಯಲ್ಲಿ ಓರೆಯಾಗಿ ಒಂದು ಪಟ್ಟಿ ಕೊಟ್ಟರೆ ಹೊರೆ ಅಡ್ಡಕ್ಕೆ ಓಲಾಡುವುದಿಲ್ಲ. ಕಿಟಕಿಯ ಪೈಪಿನ ಗೋಡೆ ತೆಳು. ಬೋಲ್ಟು ಬಿಗಿದಾಗ ಅದು ಒಳಕ್ಕೆ ಅಪ್ಪಚ್ಚಿಯಾಗದಂತೆ ಆ ಜಾಗದಲ್ಲಿ ಗಟ್ಟಿಮರದ ತುಂಡನ್ನು ತೂರಿಸಿಡಿ. ರಂಧ್ರದ ನಡುವಿನಿಂದ ಪೈಪಿನ ಅಂಚಿಗೆ ರಂಧ್ರದ ಅಗಲದ ಎರಡರಷ್ಟಾದರೂ ಜಾಗ ಇರಲಿ. ಕೊರೆದ ಮೇಲೆ ಉಳಿಯುವ ಚೂಪನ್ನು ಅರದಿಂದ ಉಜ್ಜಿ ತೆಗೆಯಿರಿ, ಏಕೆಂದರೆ ಬಿರುಕು ಹುಟ್ಟುವುದು ಅಲ್ಲಿಯೇ. 6 ಮಿ.ಮೀ. ಬೋಲ್ಟಿಗೆ ನೈಲಾನ್ ಉಂಗುರವಿರುವ ನಟ್ಟು ಹಾಕಿ. ಅಲ್ಯೂಮಿನಿಯಂ ಉಕ್ಕಿಗೆ ತಾಗಿ ನೆನೆದರೆ ಬಿಳಿ ಪುಡಿಯಾಗಿ ಸವೆಯುತ್ತದೆ. ನಡುವೆ ನೈಲಾನ್ ವಾಷರ್, ಸ್ವಲ್ಪ ಗ್ರೀಸು ಇದ್ದರೆ ಸಾಕು.

ಕೊಂಡಿಯ ಮಾತು ಬೇರೆ. ಪೆಡಲು ತುಳಿದಾಗ ಗಾಡಿ ಅದನ್ನು ಹಿಂದಕ್ಕೆ ಎಳೆಯುತ್ತದೆ, ಬ್ರೇಕು ಹಿಡಿದಾಗ ಮುಂದಕ್ಕೆ ನೂಕುತ್ತದೆ, ಪ್ರತಿ ಹಳ್ಳಕ್ಕೂ ತಿರುಚುತ್ತದೆ. ಹೀಗೆ ಸಾವಿರಾರು ಸಲ ಹಿಂದುಮುಂದಾಗುವ ಬಲವು ಒಂದು ಮಿತಿಯೊಳಗಿದ್ದರೆ ಉಕ್ಕು ಎಷ್ಟು ಕಾಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲವಾದ್ದರಿಂದ ಸಣ್ಣ ಬಲವೂ ಮರುಕಳಿಸುತ್ತ ಹೋದರೆ ಅದು ದಣಿದು, ಹೆಚ್ಚಿನ ಮುನ್ಸೂಚನೆಯಿಲ್ಲದೆ ಮುರಿಯಬಹುದು. 5 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಗೆ ಅಚ್ಚಿನ ಅಳತೆಯ ತೂತು ಕೊರೆದು, ಹಿಂಚಕ್ರದ ಎಡಬದಿಯ ನಟ್ಟಿನಡಿ ಕೂರಿಸಿ. ಅಷ್ಟು ಚಿಕ್ಕ ತುಂಡಿನಲ್ಲಿ ಉಳಿಸುವ ತೂಕವಾದರೂ ಎಷ್ಟು! ಕೊಂಡಿಯನ್ನು ಸೀಟಿನ ಕಂಬಕ್ಕೋ ಕ್ಯಾರಿಯರಿಗೋ ಕಟ್ಟುವವರಿದ್ದಾರೆ. ಅಷ್ಟು ಎತ್ತರದಿಂದ ನೂಕಿದಾಗ, ಅದರಲ್ಲೂ ತಿರುವಿನಲ್ಲಿ, ಸೈಕಲ್ಲು ಅಡ್ಡಬೀಳುವ ಅಪಾಯ ಹೆಚ್ಚು.

ಕೊಂಡಿಗೂ ಗಾಡಿಗೂ ನಡುವಿನ ಕೀಲು ಎಡಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಆಡಬೇಕು, ಸೈಕಲ್ಲು ವಾಲಿದಾಗ ಗಾಡಿ ವಾಲದಂತೆ ಹೊರಳಲೂ ಬೇಕು. ನೂಲು ಹೆಣೆದ ದಪ್ಪ ರಬ್ಬರ್ ಪೈಪಿನ ತುಂಡಿನ ಎರಡು ತುದಿಗೂ ಬೋಲ್ಟು ತೂರಿಸಿದರೆ ಈ ಮೂರೂ ಚಲನೆ ಸಿಗುತ್ತವೆ. ಅದು ಕಿತ್ತುಬಂದರೂ ಗಾಡಿ ಬೇರ್ಪಡದಂತೆ ಸೈಕಲ್ಲಿನ ಚೌಕಟ್ಟಿಗೆ ಒಂದು ನೈಲಾನ್ ಪಟ್ಟಿಯನ್ನು ಬಿಗಿಯಲೇಬೇಕು. ಎತ್ತಿನ ಗಾಡಿಯ ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೇಳುವಂತೆ ಇಲ್ಲಿಯೂ ಆಗುತ್ತದೆ. ಹೊರೆಯ ನಡುಭಾಗ ಗಾಡಿಯ ಅಚ್ಚಿಗಿಂತ ತುಸು ಮುಂದಿದ್ದು, ಕೊಂಡಿಯ ಮೇಲೆ ಮೂರ್ನಾಲ್ಕು ಕಿಲೋ ಭಾರ ಕೂತರೆ ಸರಿ.

ಮೊದಲ ವಾರ ಅರ್ಧ ಹೊರೆಯಲ್ಲೇ ಓಡಿಸಿ, ಪ್ರತಿ ಸಂಜೆ ನಟ್ಟುಗಳನ್ನು ಪರೀಕ್ಷಿಸಿ. ಗಾಡಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಂತೆ ಮೋಟಾರಿಲ್ಲದ ವಾಹನಗಳಿಗೂ ನಿಷೇಧವಿದೆ. ನೀವು ಸರ್ವಿಸ್ ರಸ್ತೆಯಲ್ಲೇ ಸಾಗಬೇಕಾಗುತ್ತದೆ.