‘ಹ್ಞೂಂ’ ಅಂದ ಮೇಲೆ ಇನ್ನೊಂದು ಪ್ರಶ್ನೆ

ಓದುಗರ ಪತ್ರ: ನಾನು ಹೊಸನಗರ ತಾಲ್ಲೂಕಿನ ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆ ಬಗ್ಗೆ ಮನೆಮನೆಗೆ ಹೋಗಿ ಹೇಳುತ್ತೇನೆ. ಎಲ್ಲರೂ ‘ಹ್ಞೂಂ’ ಅನ್ನುತ್ತಾರೆ, ಮಾರನೇ ದಿನ ಉಣುಗು (ರಕ್ತ ಹೀರುವ ಹುಳ) ಕಚ್ಚದಂತೆ ಹಚ್ಚುವ ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಹೋಗುತ್ತಾರೆ. ಸಭೆಯಲ್ಲಿ ಮೇಲಿನವರಿಗೆ ಹೇಳಿದರೂ ಅಷ್ಟೇ. ನನಗೆ ಮಾತನಾಡಲು ಬರುವುದಿಲ್ಲವೇ?

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮಗೆ ಮಾತು ಚೆನ್ನಾಗಿಯೇ ಬರುತ್ತದೆ, ನಿಮ್ಮ ಪತ್ರವೇ ಅದಕ್ಕೆ ಸಾಕ್ಷಿ. ತೊಡಕಿರುವುದು ಆ ‘ಹ್ಞೂಂ’ನಲ್ಲಿ. ನಮ್ಮ ಮಲೆನಾಡಿನಲ್ಲಿ ಮನೆಬಾಗಿಲಿಗೆ ಬಂದವರ ಮಾತನ್ನು ಯಾರೂ ಮುಖದ ಮೇಲೆ ತಳ್ಳಿಹಾಕುವುದಿಲ್ಲ. ಜಗಲಿಯಲ್ಲಿ ಕೂರಿಸಿ, ಆಸರಿಗೆ ಕೇಳಿ, ಹೇಳಿದ್ದಕ್ಕೆಲ್ಲ ಗೋಣು ಆಡಿಸುತ್ತಾರೆ. ಅದು ನಿಮಗೆ ಕೊಡುವ ಮರ್ಯಾದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಹಾಗೆ ಮಾಡುತ್ತಾರೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ‘ತಿಳೀತಾ?’ ಅಂತ ಕೇಳಿದರೆ ಬೇರೆ ಉತ್ತರಕ್ಕೆ ದಾರಿಯೇ ಇಲ್ಲ.

ಪ್ರಶ್ನೆ ಬದಲಿಸಿ. ‘ಅಕ್ಕಾ, ನಾಳೆ ದರಗೆಲೆ ತರೋಕೆ ಹೊರಡುವಾಗ ಎಣ್ಣೆ ಎಲ್ಲೆಲ್ಲಿ ಹಚ್ಕೋತೀರಿ, ಒಂದ್ಸಲ ತೋರ್ಸಿ’ ಅನ್ನಿ. ಬಾಟಲಿ ಅವರ ಕೈಗೇ ಕೊಡಿ. ಒಬ್ಬರು ಮೊಣಕೈವರೆಗೆ ಸವರಿ ನಿಲ್ಲಿಸಿಯಾರು, ಇನ್ನೊಬ್ಬರು ಪಾದ ಮರೆತಾರು, ಮತ್ತೊಬ್ಬರು ‘ಆ ವಾಸನೆ ಆಗೋದಿಲ್ಲ ಮಾರಾಯ್ತಿ’ ಅಂತ ಮನಸ್ಸಿನಲ್ಲಿದ್ದದ್ದನ್ನು ಹೇಳಿಯಾರು. ಆಗ ನಿಮ್ಮ ನಿಜವಾದ ಮಾತುಕತೆ ಶುರು. ರೋಗಿಗೆ ಔಷಧಿ ವಿವರಿಸಿದ ಮೇಲೆ ಅದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸುವ ಕ್ರಮ ವೈದ್ಯರಲ್ಲೂ ಇದೆ. ಪರೀಕ್ಷೆ ಮಾಡುತ್ತಿದ್ದೀರಿ ಅಂತ ಅವರಿಗೆ ಅನ್ನಿಸಬಾರದು, ಅಷ್ಟು ಎಚ್ಚರ ಇರಲಿ. ‘ನಾನು ಸರಿಯಾಗಿ ಹೇಳಿದ್ನೋ ಇಲ್ವೋ ನೋಡ್ಬೇಕು’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಹಚ್ಚಿಕೊಳ್ಳದವರನ್ನು ಗದರಬೇಡಿ. ಯಾಕೆ ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ಮಂಗನಿಂದ ದೂರವಿದ್ದರೆ ಸಾಕು ಅಂದುಕೊಂಡವರು ಈಗಲೂ ಇದ್ದಾರೆ. ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ಕಾಯಿಲೆಯನ್ನು ಮನುಷ್ಯರಿಗೆ ತರುವುದು ಉಣುಗು. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ತಿಳಿಯುವುದಿಲ್ಲ. ಕಾಣದ ಹುಳಕ್ಕೆ ಹೆದರಿ ಎಣ್ಣೆ ಬಳಿದುಕೊಳ್ಳಿ ಅಂದರೆ, ಗಡಿಬಿಡಿಯಲ್ಲಿ ಹೊರಟವರಿಗೆ ಅದು ನೆನಪಾಗುವುದು ಕಷ್ಟವೇ. ಬಾಟಲಿಯನ್ನು ಕತ್ತಿ, ಹೆಡಿಗೆ ಇಡುವ ಜಾಗದಲ್ಲೇ ಇಟ್ಟು ಬನ್ನಿ. ಬಂದ ಮೇಲೆ ಬಿಸಿನೀರು ಸ್ನಾನ ಮಾಡಬೇಕು, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು ಅನ್ನುವುದನ್ನು ಮುಂದಿನ ಭೇಟಿಗೆ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರೆ ಒಂದೂ ಉಳಿಯುವುದಿಲ್ಲ.

ಇದು ಹಳ್ಳಿಯವರ ದೋಷ ಅಂತ ದಯವಿಟ್ಟು ತಿಳಿಯಬೇಡಿ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜು ಇತ್ತು. ಹಾರಲು ಅನುಮತಿ ಸಿಗುವ ಮೊದಲೇ ಒಂದು ವಿಮಾನದ ಕ್ಯಾಪ್ಟನ್ ಓಟ ಶುರುಮಾಡಿದ್ದರು. ನಿಯಂತ್ರಣ ಗೋಪುರದವರು ‘ಓಕೆ’ ಅಂದದ್ದು ಅವರಿಗೆ ಕೇಳಿಸಿತು. ಅದರ ಬೆನ್ನಿಗೇ ಹೇಳಿದ ‘ಕಾಯಿರಿ, ನಾನೇ ಕರೆಯುತ್ತೇನೆ’ ಎಂಬ ಮಾತು ರೇಡಿಯೋ ಗದ್ದಲದಲ್ಲಿ ಸ್ಪಷ್ಟವಾಗಲಿಲ್ಲ. ಅಷ್ಟು ಅನುಭವಸ್ಥರ ನಡುವೆಯೇ ಹೀಗಾಯಿತು. ಇಂದು ಪೈಲಟ್‌ಗಳು ಅನುಮತಿಯ ಮುಖ್ಯ ಮಾತನ್ನು ತಿರುಗಿ ಹೇಳಲೇಬೇಕು, ಬರೀ ‘ಓಕೆ’ ನಡೆಯುವುದಿಲ್ಲ.

ಇನ್ನು ನಿಮ್ಮ ಸಭೆಯ ವಿಚಾರ. ಊರವರ ‘ಹ್ಞೂಂ’ ಹೇಗೋ, ಮೇಲಿನವರ ‘ನೋಡೋಣ’ವೂ ಹಾಗೆಯೇ. ಅಲ್ಲಿ ಪೀಠಿಕೆ ಬೇಡ. ‘ಕಾಡಲ್ಲಿ ಮಂಗ ಸತ್ತಿದೆ ಸಾರ್, ಜನ ಹೆದರಿದಾರೆ’ ಅಂದರೆ ಅದು ಸುದ್ದಿಯಾಗಿ ಹೋಗುತ್ತದೆ. ಯಾವ ಊರು, ಯಾರ ತೋಟದ ಮೇಲಿನ ಗುಡ್ಡ, ಎಷ್ಟು ಹೊತ್ತಿಗೆ ಕಂಡದ್ದು, ಯಾರೂ ಮುಟ್ಟಿಲ್ಲ ತಾನೇ, ಇಷ್ಟನ್ನು ಮೊದಲು ಹೇಳಿ. ಮಂಗ ಸತ್ತ ಮೇಲೆ ಮೈಮೇಲಿನ ಉಣುಗು ಇಳಿದು ಸುತ್ತ ಹರಡುತ್ತದೆ, ಹೆಣ ಕೊಳೆತರೆ ಪರೀಕ್ಷೆಯೂ ಕಷ್ಟ. ಹಾಗಾಗಿ ಸಭೆಯವರೆಗೂ ಕಾಯದೆ ಆಗಲೇ ಫೋನ್ ಮಾಡಿ. ‘ನೋಡೋಣ’ ಅಂದರೆ ಫೋನ್ ಇಡಬೇಡಿ: ‘ಯಾರು ಬರ್ತಾರೆ ಸಾರ್, ಎಷ್ಟೊತ್ತಿಗೆ? ಊರಲ್ಲಿ ಹೇಳಿರ್ಬೇಕು.’ ಅವರು ಕೊಟ್ಟ ಹೆಸರು, ಹೊತ್ತನ್ನು ಡೈರಿಯಲ್ಲಿ ಬರೆದುಕೊಂಡು, ಅಲ್ಲೇ ಅವರಿಗೆ ಓದಿ ಹೇಳಿ.

— ಸಂ.