ಪೈಪೋಟಿಯ ಕಂಪನಿಗಳು ಯುನಿಕ್ಸ್ ವಿಷಯದಲ್ಲಿ ಯಾಕೆ ಒಂದಾದವು?

ಒಬ್ಬರ ಮಾರುಕಟ್ಟೆ ಒಬ್ಬರು ಕಿತ್ತುಕೊಳ್ಳುವ ಕಂಪ್ಯೂಟರ್ ಕಂಪನಿಗಳು ಆಪರೇಟಿಂಗ್ ಸಿಸ್ಟಮ್‌ಗೆ ಒಂದೇ ಮಾನದಂಡ ಮಾಡಲು ಯಾಕೆ ಒಟ್ಟಿಗೆ ಕೂತವು, ಅದರಿಂದ ಈಗ ನಮಗೇನು ಲಾಭ ಅಂತ ಕೇಳಿದ್ದೀರಿ. ಕೂತದ್ದು ಮುಖ್ಯವಾಗಿ ಭಯಕ್ಕೆ. ಲಾಭ ಮಾತ್ರ ನಮಗೆ ದಿನಾ ಸಿಗುತ್ತಿದೆ.

ಯುನಿಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಒಂದು ಆಪರೇಟಿಂಗ್ ಸಿಸ್ಟಮ್. ಅದು ಹುಟ್ಟಿದ್ದು 1969ರಲ್ಲಿ, ಎಟಿ ಅಂಡ್ ಟಿ ಅನ್ನುವ ಅಮೆರಿಕದ ಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ. ಎಂಬತ್ತರ ದಶಕಕ್ಕೆ ಸನ್, ಎಚ್‌ಪಿ, ಐಬಿಎಂ, ಡೆಕ್ ಎಲ್ಲರ ಹತ್ತಿರವೂ ತಮ್ಮದೇ ಒಂದೊಂದು ಯುನಿಕ್ಸ್ ಇತ್ತು. ಒಂದಕ್ಕೆ ಬರೆದ ಪ್ರೋಗ್ರಾಮ್ ಇನ್ನೊಂದರಲ್ಲಿ ಓಡಬೇಕಾದರೆ ಕೂತು ತಿದ್ದಬೇಕು, ಆ ಖರ್ಚು ಗ್ರಾಹಕನ ತಲೆಗೆ. ಯುರೋಪಿನ ಕೆಲವು ಕಂಪನಿಗಳು 1984ರಲ್ಲೇ ಎಕ್ಸ್ ಓಪನ್ ಅಂತ ಕೂಟ ಕಟ್ಟಿದ್ದವು. 1988ರಲ್ಲಿ ಎಂಜಿನಿಯರುಗಳ ಸಂಘ ಐಇಇಇ ಪಾಸಿಕ್ಸ್ ಮಾನದಂಡವನ್ನು, ಅಂದರೆ ಯುನಿಕ್ಸ್ ಥರದ ಸಿಸ್ಟಮ್ ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮಗಳನ್ನು, ಹೊರತಂದಿತು.

ಅಷ್ಟರಲ್ಲಿ ಜಗಳವೂ ಶುರುವಾಗಿತ್ತು. ಎಟಿ ಅಂಡ್ ಟಿ ಮತ್ತು ಸನ್ 1987ರಲ್ಲಿ ಕೈಜೋಡಿಸಿದಾಗ ಉಳಿದವರು ಬೆಚ್ಚಿಬಿದ್ದರು. ಐಬಿಎಂ, ಎಚ್‌ಪಿ, ಡೆಕ್ ಮೊದಲಾದವರು ಮರುವರ್ಷ ಓಪನ್ ಸಾಫ್ಟ್‌ವೇರ್ ಫೌಂಡೇಶನ್ ಮಾಡಿಕೊಂಡರು. ಅದಕ್ಕೆ ಎದುರಾಗಿ ಎಟಿ ಅಂಡ್ ಟಿ ಕಡೆಯವರು ಯುನಿಕ್ಸ್ ಇಂಟರ್‌ನ್ಯಾಶನಲ್ ಮಾಡಿದರು. ಎರಡು ಬಣ, ಇಬ್ಬರದ್ದೂ 'ಓಪನ್' ಅಂತಲೇ ಘೋಷಣೆ! ಕೊನೆಗೆ ಮೈಕ್ರೋಸಾಫ್ಟಿನ ವಿಂಡೋಸ್ ಎನ್‌ಟಿ ಬರುತ್ತಿದೆ ಅಂತಾದ ಮೇಲೆ, 1993ರ ಮಾರ್ಚಿನಲ್ಲಿ, ಎರಡೂ ಕಡೆಯವರು ಒಂದೇ ಮೇಜಿಗೆ ಬಂದರು.

ಆಗ ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಯಾರ ಯುನಿಕ್ಸ್ ಶ್ರೇಷ್ಠ ಅಂತ ವಾದಿಸುತ್ತಾ ಕೂರದೆ, ಮಾರುಕಟ್ಟೆಯಲ್ಲಿದ್ದ ಅಪ್ಲಿಕೇಶನ್‌ಗಳು ನಿಜಕ್ಕೂ ಸಿಸ್ಟಮ್‌ನಿಂದ ಏನೇನು ಕೇಳುತ್ತವೆ ಅಂತ ನೋಡಿ, ಇದ್ದ ಮಾನದಂಡಗಳ ಜೊತೆ ಅದನ್ನೂ ಸೇರಿಸಿ ಪಟ್ಟಿ ಮಾಡಿದರು. ಅಪ್ಲಿಕೇಶನ್ ಸಿಸ್ಟಮ್ ಅನ್ನು ಕೇಳುವ ಇಂಥ ಕೆಲಸಗಳ (ಇಂಟರ್ಫೇಸ್) ಲೆಕ್ಕ 1170ಕ್ಕೆ ನಿಂತಿತು, ಹೆಸರೂ ಅದೇ ಆಯಿತು: ಸ್ಪೆಕ್ 1170. ಮುಂದೆ ಅದೇ ಸಿಂಗಲ್ ಯುನಿಕ್ಸ್ ಸ್ಪೆಸಿಫಿಕೇಶನ್ ಆಯಿತು. ಯುನಿಕ್ಸ್ ಹೆಸರಿನ ಹಕ್ಕನ್ನು ಆಗ ಅದರ ಒಡೆತನ ಹೊಂದಿದ್ದ ನೊವೆಲ್ ಕಂಪನಿ ಎಕ್ಸ್ ಓಪನ್‌ಗೆ ಬಿಟ್ಟುಕೊಟ್ಟಿತು. ಅಲ್ಲಿಂದ ಪರೀಕ್ಷೆ ಪಾಸಾದವರಿಗಷ್ಟೇ ಆ ಹೆಸರು. 1996ರಲ್ಲಿ ಎಕ್ಸ್ ಓಪನ್, ಓಪನ್ ಸಾಫ್ಟ್‌ವೇರ್ ಫೌಂಡೇಶನ್ ಸೇರಿ ದಿ ಓಪನ್ ಗ್ರೂಪ್ ಆದವು.

ನಮ್ಮ ಕೊಡಗಿನಲ್ಲಿ ಕಾಫಿ ವ್ಯಾಪಾರಿಗಳು ರೇಟಿನಲ್ಲಿ ಎಷ್ಟೇ ಹಣಾಹಣಿ ಮಾಡಲಿ, ಚೀಲ ಅಂದರೆ 50 ಕೆಜಿ ಅನ್ನುವುದರಲ್ಲಿ ತಕರಾರಿಲ್ಲ, ಅಲ್ವಾ? ಇದೂ ಹಾಗೇ. ಸ್ಪರ್ಧೆ ಇರಲಿ, ಆದರೆ ಅಳತೆ ಎಲ್ಲರಿಗೂ ಒಂದೇ ಇರಲಿ.

ಇನ್ನು ಈಗಿನ ಲಾಭ. ನಾನು ವಿರಾಜಪೇಟೆ ಕಡೆ ತೋಟದ ಆಫೀಸುಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ. ಇಲ್ಲಿ ತೋಟದವರು ಮಳೆ ಲೆಕ್ಕವನ್ನು ದಿನಾ ಬರೆದಿಡುತ್ತಾರೆ, ಅದೂ ಇಂಚಿನಲ್ಲಿ. ಒಂದು ತೋಟದ ಹಳೇ ಪುಸ್ತಕಗಳನ್ನು ಟೈಪ್ ಮಾಡಿಸಿ ಸುಮ್ನೆ ಟೆಕ್ಸ್ಟ್ ಫೈಲ್ ಮಾಡಿದ್ದೇವೆ: ಸಾಲಿಗೊಂದು ದಿನ, ಪಕ್ಕದಲ್ಲಿ ಇಂಚು. ತಿಂಗಳವಾರು ಮೊತ್ತ ತೆಗೆಯಲು ಸಾಲುಗಳಿಂದ ಲೆಕ್ಕ ಹಾಕುವ ಆಕ್, ಸಾಲುಗಳನ್ನು ಕ್ರಮಕ್ಕಿಡುವ ಸಾರ್ಟ್ ಎರಡೇ ಕಮಾಂಡ್ ಇಟ್ಟು ಚಿಕ್ಕ ಸ್ಕ್ರಿಪ್ಟ್ ಬರೆದೆ. ಅದು ನನ್ನ ಲಿನಕ್ಸ್‌ನಲ್ಲೂ, ಬೆಂಗಳೂರಿನಲ್ಲಿರುವ ಅವರ ಮಗಳ ಮ್ಯಾಕ್‌ನಲ್ಲೂ ಒಂದಕ್ಷರ ಬದಲಿಸದೆ ಓಡುತ್ತದೆ. ಲಿನಕ್ಸ್, ಮ್ಯಾಕ್ ಎರಡೂ ಯುನಿಕ್ಸ್ ಥರದವೇ; ಆ ಎರಡು ಕಮಾಂಡ್ ಹೇಗೆ ನಡೆದುಕೊಳ್ಳಬೇಕು ಅಂತ ಪಾಸಿಕ್ಸ್‌ನಲ್ಲಿ ಬರೆದಿಟ್ಟಿದ್ದಾರೆ, ಅದಕ್ಕೇ.

ಬರೆದಿಡದ ಕಡೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಟೆಕ್ಸ್ಟ್ ತಿದ್ದುವ ಸೆಡ್ ಕಮಾಂಡಿಗೆ ಫೈಲನ್ನು ಅಲ್ಲೇ ತಿದ್ದುವ 'ಐ' (-i) ಆಯ್ಕೆ ಲಿನಕ್ಸ್‌ನಲ್ಲಿ ಒಂದು ಥರ, ಮ್ಯಾಕ್‌ನಲ್ಲಿ ಇನ್ನೊಂದು ಥರ; ಮ್ಯಾಕ್ ಅದರ ಜೊತೆ ಬ್ಯಾಕಪ್ ಹೆಸರಿನ ಬಾಲ ಕೇಳುತ್ತದೆ. ನೀವು ಕಲಿಯುತ್ತಿದ್ದರೆ ಇಂಥ ಆಯ್ಕೆ ಕಂಡಾಗಲೆಲ್ಲ ದಿ ಓಪನ್ ಗ್ರೂಪ್‌ನ ವೆಬ್‌ಸೈಟಿನಲ್ಲಿರುವ ಪಾಸಿಕ್ಸ್‌ನಲ್ಲಿ ಆ ಕಮಾಂಡಿನ ಪುಟ ತೆಗೆದು ನೋಡಿ, ದುಡ್ಡು ಕೊಡಬೇಕಾಗಿಲ್ಲ. ಅಲ್ಲಿ ಇಲ್ಲದ್ದನ್ನು ಬೇರೆಯವರ ಮೆಷಿನ್‌ಗೆ ಕಳಿಸುವ ಸ್ಕ್ರಿಪ್ಟಿನಲ್ಲಿ ಹಾಕಬೇಡಿ.